ನಾಲ್ಕು ಗಂಟೆಗೊಮ್ಮೆ

ಹೆಣದ ತಲೆಯ ಪಕ್ಕದಲ್ಲೇ ಕೋಳಿ ಕೂಗಿತು.

ಅಳುತ್ತಿದ್ದ ಹೆಂಗಸರು ಒಂದು ಕ್ಷಣ ನಿಲ್ಲಿಸಿದರು. ಬಾಗಿಲ ಬಳಿ ನಿಂತಿದ್ದ ಇಬ್ಬರು ಹುಡುಗಿಯರು ನಗು ತಡೆಯಲಾರದೆ ದುಪ್ಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದರು. ಮಂಜುಶ್ರೀ ಸೊಂಟದಲ್ಲಿ, ಮಡಿಲಲ್ಲಿ ಫೋನಿಗಾಗಿ ತಡಕಾಡಿದಳು. ಅದು ತೊಡೆಯ ಕೆಳಗೆ ಸಿಕ್ಕಿಕೊಂಡಿತ್ತು. ಎಳೆದು ತೆಗೆಯುವಷ್ಟರಲ್ಲಿ ಇನ್ನೂ ಎರಡು ಸಲ ಕೂಗಿತು. ಗಂಟೆ ಹತ್ತೂಕಾಲು.

"ಎಣದ ಮುಂದೆ ಕೋಳಿ ಕೂಗಿಸ್ಕೊಂಡು ಕೂತವ್ಳೆ ನೋಡು," ಎಂದಳು ಪಟಾಲಮ್ಮ. ಸತ್ತ ನರಸಿಂಹಯ್ಯನ ತಂಗಿ ಆಕೆ. "ಯಾಕವ್ವಾ, ನಮ್ಮಣ್ಣ ಎದ್ದು ಆಲು ಕರಿಯಾಕೆ ಓಗ್ಲಿ ಅಂತಲಾ?"

ಹಿಂದೆ ಕೂತಿದ್ದವರು ಯಾರೋ ಕಿಸಕ್ಕೆಂದರು.

ಆ ಕೂಗನ್ನು ಆರಿಸಿದ್ದು ಮಂಜುಶ್ರೀಯ ಮಗ ದೈವಿಕ್. ನಾಲ್ಕು ವರ್ಷದವನು. ದಿನಕ್ಕೆ ಆರು ಸಲ ಅದು ಕೂಗುತ್ತಿತ್ತು, ನಡುರಾತ್ರಿಯೂ ಸೇರಿ. ಕೂಗಿದಾಗಲೆಲ್ಲ ಅವನಿಗೆ ಏನಾದರೂ ತಿನ್ನಿಸಬೇಕಿತ್ತು. ಹಸಿವಿದೆಯೋ ಇಲ್ಲವೋ ಕೇಳುವಂತಿರಲಿಲ್ಲ. ನಿದ್ದೆಯಲ್ಲಿದ್ದರೆ ಎಬ್ಬಿಸಿ ತಿನ್ನಿಸಬೇಕು. ಅತ್ತರೆ ಅಳುತ್ತಿರುವಾಗಲೇ ತಿನ್ನಿಸಬೇಕು.

ಹನ್ನೊಂದು ತಿಂಗಳ ಕೂಸಾಗಿದ್ದಾಗ ಒಂದು ಸಾಧಾರಣ ಜ್ವರದಲ್ಲಿ ಅವನು ಬಟ್ಟೆಯ ಗಂಟಿನ ಹಾಗೆ ಜೋತು ಬಿದ್ದಿದ್ದ. ಹೆಬ್ಬಾಳದ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡು, ರಕ್ತವನ್ನು ಎಲ್ಲೆಲ್ಲಿಗೋ ಕಳಿಸಿ, ಕೊನೆಗೆ ಡಾಕ್ಟರಮ್ಮ ಗಂಡ ಹೆಂಡತಿಯನ್ನು ಕೂರಿಸಿಕೊಂಡಿದ್ದರು. ಮೊದಲು ಕೇಳಿದ್ದು, "ಸಂಬಂಧದಲ್ಲಿ ಮದುವೆಯಾ?"

"ನಮ್ಮ ಸೋದರತ್ತೆ ಮಗ," ಎಂದಿದ್ದಳು ಮಂಜುಶ್ರೀ. ಪಕ್ಕದಲ್ಲಿ ಗಂಡ ಮಹೇಂದ್ರ ತಲೆ ತಗ್ಗಿಸಿದ್ದ.

ಡಾಕ್ಟರಮ್ಮ ಅದನ್ನು ಬರೆದುಕೊಂಡು ಹೇಳಿದ್ದರು: "ಉಸಿರಾಟ ಅಂದ್ರೆ ಮೂಗಲ್ಲಿ ಎಳ್ಕೊಳ್ಳೋದು ಅಂತ ನಾವು ಅನ್ಕೋತೀವಿ. ಅದು ಬರೀ ಗಾಳಿ ಒಳಗೆ ಬರೋದು ಅಷ್ಟೇ. ನಿಜವಾದ ಕೆಲಸ ನಡೆಯೋದು ಜೀವಕೋಶದ ಒಳಗೆ. ತಿಂದ ಅನ್ನ ಸಕ್ಕರೆ ಆಗಿ ಅಲ್ಲಿಗೆ ಹೋಗುತ್ತೆ. ಆಮ್ಲಜನಕ ಸೇರಿ ಅದು ಉರಿಯುತ್ತೆ. ಅದರಿಂದ ಬರೋ ಶಕ್ತೀಲೇ ಹೃದಯ ಬಡಿಯೋದು, ಮೆದುಳು ನಡೆಯೋದು ಎಲ್ಲ. ಸಕ್ಕರೆ ಖಾಲಿ ಆದ್ರೆ ಮೈಯಲ್ಲಿ ಕೂಡಿಟ್ಟಿರೋ ಕೊಬ್ಬು ಉರಿಯೋಕೆ ಶುರು ಆಗುತ್ತೆ. ಅದಕ್ಕೇ ನೀವು ನಾವು ಒಂದು ದಿನ ಉಪವಾಸ ಇದ್ರೂ ಏನೂ ಆಗಲ್ಲ. ನಿಮ್ಮ ಮಗೂಗೆ ಆ ಎರಡನೇದು ನಡೆಯಲ್ಲ. ಕೊಬ್ಬು ಇದೆ. ಅದನ್ನ ಉರಿಸೋ ಒಂದು ಕಿಣ್ವ ಇಲ್ಲ."

ಗ್ಲೂಕೋಸ್, ಆಮ್ಲಜನಕ, ಬಾಣದ ಗುರುತು, ಇಂಗಾಲದ ಡೈಆಕ್ಸೈಡ್, ನೀರು, ಶಕ್ತಿ. ಮಂಜುಶ್ರೀ ಈ ಸಮೀಕರಣವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಬರೆದಿದ್ದಳು. ಪೂರ್ತಿ ಅಂಕ ಬಂದಿತ್ತು.

"ಔಷಧಿ?" ಎಂದಿದ್ದ ಮಹೇಂದ್ರ.

"ಊಟಾನೇ ಔಷಧಿ. ನಾಲ್ಕು ಗಂಟೆಗೊಮ್ಮೆ. ಎಣ್ಣೆ ತುಪ್ಪ ಬೇಡ. ಶೀತ ಜ್ವರ ಏನಾದ್ರೂ ಬಂದ್ರೆ ಎರಡು ಗಂಟೆಗೊಮ್ಮೆ. ತಿನ್ನದೇ ಇದ್ರೆ ಮನೇಲಿ ಕಾಯ್ಕೊಂಡು ಕೂರಬೇಡಿ, ಎತ್ಕೊಂಡು ಬಂದ್ಬಿಡಿ. ಇಷ್ಟು ಮಾಡಿದ್ರೆ ಇವನು ಎಲ್ಲಾ ಮಕ್ಕಳ ಥರಾನೇ ಬೆಳೀತಾನೆ."

ಅವನು ಹಾಗೇ ಬೆಳೆದ. ಮನೆಯ ಮೂರು ಮಹಡಿಯನ್ನೂ ದಿನಕ್ಕೆ ಹತ್ತು ಸಲ ಹತ್ತಿಳಿದ. ಬಾಡಿಗೆ ಮನೆಯವರ ಚಪ್ಪಲಿಗಳನ್ನೆಲ್ಲ ಅದಲು ಬದಲು ಮಾಡಿಟ್ಟ. ತಮ್ಮೂರು ಹುಣಸಮಾರನಹಳ್ಳಿಯ ಮೇಲೆ ಹಾರುವ ವಿಮಾನಗಳ ಬಾಲದ ಬಣ್ಣ ಗುರುತು ಹಿಡಿದ. ಅತ್ತೆ ಸೊಣ್ಣಮ್ಮ ಬಂದವರಿಗೆಲ್ಲ ತನ್ನದೇ ರೀತಿಯಲ್ಲಿ ವಿವರಿಸುತ್ತಿದ್ದಳು: "ನಮ್ ಮಗೀಗೆ ಮೈಯಾಗಿನ ಕೊಬ್ಬು ಉರಿಯಾಕಿಲ್ವಂತೆ ಕಣಮ್ಮ. ಆವಾಗಾವಾಗ ಒಟ್ಟೇಗೆ ಆಕ್ತಾನೇ ಇರ್ಬೇಕು." ಕೇಳಿದವರು ಹುಡುಗನನ್ನು ನೋಡಿ, ಗುಂಡು ಗುಂಡಗಿದ್ದಾನಲ್ಲ ಎಂದು ನಗುತ್ತಿದ್ದರು. ಸೊಣ್ಣಮ್ಮ ಮೊದಲ ವರ್ಷ ಕದ್ದು ತುಪ್ಪ ತಿನ್ನಿಸಲು ನೋಡಿ ಸೊಸೆಯ ಕೈಗೆ ಸಿಕ್ಕಿಬಿದ್ದಿದ್ದಳು. ಆಮೇಲೆ ಎಂದೂ ಹಾಗೆ ಮಾಡಲಿಲ್ಲ. ತನ್ನ ತಮ್ಮನ ಮಗಳನ್ನೇ ತನ್ನ ಮಗನಿಗೆ ತಂದುಕೊಂಡಿದ್ದು ತಾನೇ ಎಂಬುದು ಅವಳಿಗೆ ಯಾರೂ ಹೇಳದೆಯೂ ಗೊತ್ತಿತ್ತು.

ನೆಂಟರು ಮಂಜುಶ್ರೀಗೆ ಇಟ್ಟ ಹೆಸರು ಗಡಿಯಾರದ ಸೊಸೆ. ಧಾರೆ ಎರೆಯುವ ಹೊತ್ತಿಗೆ ಎದ್ದು ಮಗುವಿಗೆ ಗಂಜಿ ಕುಡಿಸಲು ಹೋದವಳು. ನಾಮಕರಣದ ಮನೆಗೆ ಫ್ಲಾಸ್ಕ್ ಹೊತ್ತುಕೊಂಡು ಬಂದವಳು. ತನ್ನ ಮಗ ಮಾತ್ರ ಬಂಗಾರ ಅಂದುಕೊಂಡವಳು. ಅವಳು ಯಾವತ್ತೂ ಉತ್ತರ ಕೊಟ್ಟಿರಲಿಲ್ಲ. ಆದರೆ ಎಲ್ಲವೂ ನೆನಪಿತ್ತು, ಯಾರು ಅಂದದ್ದು, ಎಲ್ಲಿ ಅಂದದ್ದು.

ಈಗ ನಡುಮನೆಯ ಫ್ರೀಜರ್ ಬಾಕ್ಸಿನಲ್ಲಿ ಮಾವ ನರಸಿಂಹಯ್ಯ ಮಲಗಿದ್ದ. ಬೆಳಗಿನ ಜಾವ ಐದಕ್ಕೆ ಹೋಗಿದ್ದ. ಅವನ ಮಗಳು ಧರ್ಮಸ್ಥಳಕ್ಕೆ ಹೋದವಳು ಹೊರಟಿದ್ದಾಳೆ, ಅವಳು ಬರುವವರೆಗೆ ಎತ್ತುವಂತಿಲ್ಲ. ಹೆಣ ಮನೆಯಲ್ಲಿರುವವರೆಗೆ ಒಲೆ ಹಚ್ಚುವಂತಿಲ್ಲ. ಆರೂಕಾಲಿಗೆ ಅಳುವಿನ ನಡುವೆ ಮಂಜುಶ್ರೀ ಹಿಂದಿನ ರಾತ್ರಿಯ ಗಂಜಿಗೆ ಸಕ್ಕರೆ ಹಾಕಿ ಅರ್ಧ ಲೋಟ ಕುಡಿಸಿದ್ದಳು. ಹುಡುಗನ ಮೂಗು ನಿನ್ನೆ ಸಂಜೆಯಿಂದ ಸೋರುತ್ತಿತ್ತು. ಎರಡು ಗಂಟೆಗೊಮ್ಮೆ ಮಾಡಬೇಕು ಎಂದು ರಾತ್ರಿ ಅಂದುಕೊಂಡಿದ್ದಳು.

"ಮಗೀಗೆ ಒತ್ತಾಯ್ತು," ಎಂದಳು ಸೊಣ್ಣಮ್ಮ. ಬೆಳಿಗ್ಗೆಯಿಂದ ಗಂಡನ ಕಾಲ ಬಳಿಯೇ ಕೂತಿದ್ದಳು. "ಓಗಮ್ಮ. ಒಲೆ ಅಚ್ಚಿ ಒಂದೀಟು ಗಂಜಿ ಕಾಯ್ಸು."

ಪಟಾಲಮ್ಮ ಬಾಯಿಗೆ ಕೈ ಇಟ್ಟುಕೊಂಡಳು. "ಅತ್ತಿಗೇ, ದುಕ್ಕದಲ್ಲಿ ನಿನ್ ತಲೆ ಕೆಟ್ಟೈತೆ. ಎಣ ಒಳಗಿಟ್ಕೊಂಡು ಯಾರಾನಾ ಒಲೆ ಅಚ್ತಾರಾ? ಜನ ಉಗೀತಾರೆ."

"ಸತ್ತೋರೇನು ಅಡಿಗೆಮನೆ ನೋಡಾಕೆ ಬತ್ತಾರಾ? ಓಗು ನೀನು."

ನಲವತ್ತು ಹೆಂಗಸರು ಮಂಜುಶ್ರೀಯನ್ನೇ ನೋಡುತ್ತಿದ್ದರು. ಅರ್ಧ ಎದ್ದಿದ್ದವಳು ಮತ್ತೆ ಕೂತಳು.

"ಬೇಡ ಬಿಡಿ ಅತ್ತೆ. ಮುನಿನಾರಾಯಣಮ್ಮೋರ ಮನೇಲಿ ಮಕ್ಕಳಿಗೆಲ್ಲ ಇಡ್ಲಿ ಮಾಡಿದ್ದಾರಂತೆ. ಅಲ್ಲೇ ಇದಾನೆ." ಆಮೇಲೆ ಓರಗಿತ್ತಿ ಶಾಂತಲಾ ಕಡೆ ತಿರುಗಿ, "ಅಕ್ಕ, ಒಂಚೂರು ನೋಡ್ಕೊಂಡು ಬರ್ತೀರಾ? ತಿನ್ನಲೇಬೇಕು ಅಂತ ಹೇಳಿ," ಎಂದಳು.

ಶಾಂತಲಾ ಎದುರು ಮನೆಗೆ ಹೋಗಿ ಕಾಲು ಗಂಟೆಯಲ್ಲಿ ಬಂದಳು. ಬಾಗಿಲಿನಿಂದಲೇ ತಲೆಯಾಡಿಸಿದಳು. "ಎಲ್ಲಾ ತಿಂದ್ವು ಕಣೆ. ನಿನ್ ಮಗಂಗೂ ತಟ್ಟೆ ಹಾಕ್ಕೊಟ್ಟಿದ್ರು."

ತಟ್ಟೆ ಹಾಕಿಕೊಟ್ಟಿದ್ದು ನಿಜ. ಅದನ್ನು ಮಂಜುಶ್ರೀ ಕೇಳಿಸಿಕೊಂಡಳು. ತಿಂದನಾ ಎಂದು ಇನ್ನೊಂದು ಸಲ ಕೇಳಬೇಕು ಅನ್ನಿಸಿತು. ಆದರೆ ಪಟಾಲಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಮಂಜುಶ್ರೀ ಫೋನು ತೆಗೆದು, ಸಾಲಾಗಿದ್ದ ಆರು ಅಲಾರಂಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಬಂದ್ ಮಾಡಿದಳು. ಎಡಗಡೆಗೆ ತಳ್ಳಿದಂತೆಲ್ಲ ಹಸಿರು ಹೋಗಿ ಬೂದು ಬಣ್ಣ ಬಂತು. ಆಮೇಲೆ ಸೆರಗು ತಲೆಗೆ ಎಳೆದುಕೊಂಡು ಎಲ್ಲರೊಂದಿಗೆ ಅತ್ತಳು. ಮಗನನ್ನು ಆಸ್ಪತ್ರೆಯಿಂದ ಕರೆತಂದ ಮೂರು ವರ್ಷದಲ್ಲಿ ಅವಳು ಗಡಿಯಾರ ನೋಡದೆ ಒಂದು ಕಡೆ ಕೂತದ್ದು ಅದೇ ಮೊದಲು. ಪಕ್ಕದ ಹೆಂಗಸು ಅವಳ ಹೆಗಲ ಮೇಲೆ ಕೈ ಇಟ್ಟಳು. ಆ ಕೈ ಅವಳಿಗೆ ಹಿತವಾಗಿತ್ತು.

ಒಂದು ಗಂಟೆಯ ಸುಮಾರಿಗೆ ಸೊಣ್ಣಮ್ಮ ಮತ್ತೆ ಕೇಳಿದಳು, ಈ ಸಲ ಮೆಲ್ಲಗೆ. "ಮಗೀಗೆ ಕೊಟ್ಟಾ?"

"ಕೊಟ್ಟೆ ಅತ್ತೆ."

ಸೊಣ್ಣಮ್ಮ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

ಮಗಳು ಬಂದಾಗ ಮೂರೂವರೆ. ಅವಳ ಅಳು ಮುಗಿಯುವ ಹೊತ್ತಿಗೆ ತಮಟೆಯವರು ಶುರು ಮಾಡಿದ್ದರು. ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಚಟ್ಟಕ್ಕೆ ಕಟ್ಟಿದರು. ಹಿರಿಯ ಮಗ ಅನಂತರಾಜು ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ನಾಲ್ಕು ಜನ ಹೆಗಲು ಕೊಟ್ಟರು. ಆಗ ಪಟಾಲಮ್ಮ ಕೂಗಿದಳು:

"ಮಲಗಿರೋ ಮಕ್ಳುನ್ನೆಲ್ಲ ಎಬ್ಬಿಸ್ರೇ! ಎಣ ಓಗೋವಾಗ ಮಕ್ಳು ಮಲಗಿರಬಾರ್ದು!"

ಶಾಂತಲಾ ಎದುರು ಮನೆಗೆ ಓಡಿದಳು. ಮಕ್ಕಳು ಕಣ್ಣುಜ್ಜಿಕೊಳ್ಳುತ್ತ ಮುನಿನಾರಾಯಣಮ್ಮನ ಗೇಟಿನಿಂದ ಹೊರಗೆ ಬಂದರು. ಒಂದು ಹುಡುಗಿಯ ಲಂಗ ಹಿಂದುಮುಂದಾಗಿತ್ತು. ಎಲ್ಲರಿಗಿಂತ ಹಿಂದೆ ಶಾಂತಲಾ ಬಂದಳು. ದೈವಿಕ್ ಅವಳ ಹೆಗಲ ಮೇಲಿದ್ದ. ಅವನ ಕೈ ಅವಳ ಬೆನ್ನಿನ ಮೇಲೆ ನಡೆದಂತೆಲ್ಲ ತೂಗುತ್ತಿತ್ತು.

"ಏಳ್ತಾನೇ ಇಲ್ಲ ಕಣೆ," ಎಂದಳು.

ಮಂಜುಶ್ರೀ ಅವನನ್ನು ಕಿತ್ತುಕೊಂಡಳು. ಮೈ ತಣ್ಣಗೆ, ಒದ್ದೆಯಾಗಿತ್ತು. ರೆಪ್ಪೆ ಎತ್ತಿದರೆ ಕಣ್ಣು ಬೇರೆಲ್ಲೋ ನೋಡುತ್ತಿತ್ತು. "ಏನ್ ತಿಂದ ಅಕ್ಕ? ಏನ್ ತಿಂದ?"

"ಒಂದು ತುತ್ತು... ಶೀತ ಅಲ್ವಾ, ಬೇಡ ಅಂದ. ನಿದ್ದೆ ಬರ್ತಿದೆ ಅಂದ. ಮುನಿನಾರಾಯಣಮ್ಮೋರು ಮಲಗ್ಸಿದ್ರು. ಮಲಗಿರೋ ಮಗೂನ ಯಾಕೆ ಎಬ್ಬಿಸೋದು ಅಂತ..."

ಯಾರೋ ಸಕ್ಕರೆ ತಂದರು. ಮಂಜುಶ್ರೀ ಅದನ್ನು ನೀರಲ್ಲಿ ಕಲಸಿ ಅವನ ಒಸಡಿಗೆ ಉಜ್ಜಿದಳು. ಸಕ್ಕರೆ ತುಟಿಯ ಅಂಚಿನಿಂದ ಹೊರಗೆ ಬಂತು.

ಮಹೇಂದ್ರ ತಂದೆಯ ಚಟ್ಟಕ್ಕೆ ಕೊಟ್ಟಿದ್ದ ಹೆಗಲು ಬಿಟ್ಟು ಓಡಿಬಂದು ಕಾರು ತೆಗೆದ. ಬೀದಿಗೆ ಇರುವುದು ಒಂದೇ ದಾರಿ. ಆ ದಾರಿಯ ತುಂಬ ಜನ, ತಮಟೆ, ಹೂವು, ನಡುವೆ ಹೆಣ. ಅವನು ಹಾರ್ನ್ ಒತ್ತಿ ಹಿಡಿದ. ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವರು ತಿರುಗಿ ನೋಡಿ, ಹೆಣವನ್ನು ದಾಟಿ ಕಾರನ್ನು ಬಿಡುವುದು ಹೇಗೆ ಎಂದು ತಿಳಿಯದೆ ನಿಂತರು.

ಸೊಣ್ಣಮ್ಮ ಮೆಟ್ಟಿಲಿಳಿದು ಬಂದಳು. ಹಣೆಯ ಕುಂಕುಮ ಇನ್ನೂ ಹಾಗೇ ಇತ್ತು. ಜನರ ನಡುವೆ ನುಗ್ಗಿ ಚಟ್ಟದ ಬಿದಿರು ಹಿಡಿದಳು.

"ಇಳಿಸ್ರೋ! ಎಣ ಕೆಳಗಿಳಿಸ್ರೋ! ದಾರಿ ಬಿಡ್ರೋ ನನ್ ಮಗೀಗೆ!"

"ಎತ್ತಿದ್ದು ಇಳಿಸಬಾರ್ದು ಅಮ್ಮಾ," ಎಂದ ಅನಂತರಾಜು.

"ಇಳಿಸೋ ಬೋಳಿಮಗನೆ!"

ನರಸಿಂಹಯ್ಯನನ್ನು ಮೋರಿಯ ಪಕ್ಕ, ನಿಂತಿದ್ದ ಒಂದು ಸ್ಕೂಟರಿಗೆ ಒರಗಿಸಿದ ಹಾಗೆ ಇಳಿಸಿದರು. ಕಾರು ಹೂವಿನ ಮೇಲೆ ಹಾದುಹೋಯಿತು.

ಏರ್‌ಪೋರ್ಟ್ ರಸ್ತೆಯಲ್ಲಿ ಇಪ್ಪತ್ತೈದು ನಿಮಿಷ ಹಿಡಿಯಿತು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದಾಗ ಎಪ್ಪತ್ತಕ್ಕಿಂತ ಮೇಲಿರಬೇಕಾದ ರಕ್ತದ ಸಕ್ಕರೆ ಇಪ್ಪತ್ತೊಂದು ಇತ್ತು. ಕೈಯಲ್ಲಿ ನರ ಸಿಗಲಿಲ್ಲ, ಕಾಲಿನ ಮೂಳೆಗೆ ಸೂಜಿ ಹಾಕಿ ಗ್ಲೂಕೋಸ್ ಬಿಟ್ಟರು. ಡ್ಯೂಟಿಯಲ್ಲಿದ್ದ ಡಾಕ್ಟರು ಹೊಸಬ. ಮಂಜುಶ್ರೀ ಕಾಯಿಲೆಯ ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದಳು, ಫೈಲಿನ ನಂಬರ್ ಹೇಳಿದಳು, ಯಾವ ಡ್ರಿಪ್ಪು ಯಾವ ಲೆಕ್ಕದಲ್ಲಿ ಎಂದು ಹೇಳಿದಳು. ಅವನು ತಲೆಯೆತ್ತಿ ನೋಡಿದ.

"ಲಾಸ್ಟ್ ಯಾವಾಗ ತಿಂದಿದ್ದು?"

"ಬೆಳಿಗ್ಗೆ ಆರೂಕಾಲು. ಅರ್ಧ ಲೋಟ ಗಂಜಿ."

ಅವನು ಗೋಡೆಯ ಗಡಿಯಾರ ನೋಡಿ ಬರೆದುಕೊಂಡ. ಇಷ್ಟೆಲ್ಲ ಗೊತ್ತಿದ್ದೂ ಹೀಗೇಕೆ ಎಂದು ಕೇಳಿದ್ದರೆ ಅವಳಲ್ಲಿ ಒಂದು ಉತ್ತರವಾದರೂ ಹುಟ್ಟುತ್ತಿತ್ತೇನೋ.

ಸಕ್ಕರೆ ಏರಿತು. ಹುಡುಗ ಏಳಲಿಲ್ಲ. ಎರಡು ಸಲ ಹೃದಯ ನಿಂತು ಎರಡು ಸಲ ಹೊರಟಿತು. ಹಳೆಯ ಡಾಕ್ಟರಮ್ಮ ಮರುದಿನ ಬೆಳಿಗ್ಗೆ ಏಳಕ್ಕೆ ಬಂದರು, ಮಂಜುಶ್ರೀಯ ಭುಜ ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಅಷ್ಟರಲ್ಲಿ ಮೂರನೆಯ ಸಲ ನಿಂತು ಆಗಿತ್ತು.

ಮಂಗಳವಾರ ಮಧ್ಯಾಹ್ನ ಅವನನ್ನು ತೋಟದ ಮೂಲೆಯಲ್ಲಿ, ತಾತನ ಹಸಿ ಗುಡ್ಡೆಯ ಪಕ್ಕ ಮಣ್ಣು ಮಾಡಿದರು. ಗುಂಡಿ ತೋಡಲು ಹೊತ್ತೇನೂ ಹಿಡಿಯಲಿಲ್ಲ. ಸೋಮವಾರ ಬಂದಿದ್ದ ನೆಂಟರಲ್ಲಿ ಅರ್ಧ ಜನ ಇನ್ನೂ ಊರಿಗೆ ಹೋಗಿರಲಿಲ್ಲ. ಅವರಿಗೆ ಒಂದು ಮಾತು ಬೇಕಿತ್ತು, ಅದು ಬೇಗ ಸಿಕ್ಕಿತು. ತಾತ ಕರೆದುಕೊಂಡು ಹೋದ. ತಾತನಿಗೆ ಮೊಮ್ಮಗನನ್ನು ಬಿಟ್ಟಿರಲು ಆಗಲಿಲ್ಲ. ಎತ್ತಿದ ಹೆಣ ಇಳಿಸಿದ್ದಕ್ಕೆ ಹೀಗಾಯಿತು ಎಂದು ಪಟಾಲಮ್ಮ ಎರಡು ಕಡೆ ಅಂದಳು. ಅದು ಅಷ್ಟಾಗಿ ನಿಲ್ಲಲಿಲ್ಲ. ತಾತ ಕರೆದುಕೊಂಡು ಹೋದದ್ದೇ ನಿಂತಿತು. ಶಾಂತಲಾ ಮಾತ್ರ ಯಾರ ಮುಂದೂ ಬರದೆ ಮೇಲಿನ ಮಹಡಿಯ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅವಳೇ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಕೆಲವರು ಪಿಸುಗುಟ್ಟುತ್ತಿದ್ದುದು ಮಂಜುಶ್ರೀಯ ಕಿವಿಗೂ ಬಿತ್ತು. ಅವಳು ಸುಮ್ಮನಿದ್ದಳು. ಮಹೇಂದ್ರ ಕೋಣೆಗೆ ಬಂದು, ಅವಳು ಅಲ್ಲಿರುವುದನ್ನು ಕಂಡು, ಏನೋ ಮರೆತವನಂತೆ ಹೊರಗೆ ಹೋಗುತ್ತಿದ್ದ.

ಬುಧವಾರ ಮೂರನೆಯ ದಿನ, ಮಾವನಿಗೆ ಹಾಲುತುಪ್ಪ. ಗಂಡಸರು ತೋಟಕ್ಕೆ ಹೋಗಿ ಗುಡ್ಡೆಯ ಮೇಲೆ ಹಾಲು ತುಪ್ಪ ಎರೆದು, ಮುದ್ದೆ, ಸಾರು, ವಡೆ, ಒಂದು ಕಟ್ಟು ಬೀಡಿ ಇಟ್ಟು ಬಂದರು. ಪಕ್ಕದ ಸಣ್ಣ ಗುಡ್ಡೆಗೆ ಏನೂ ಇಡಲಿಲ್ಲ. ಅಷ್ಟು ಸಣ್ಣ ಮಕ್ಕಳಿಗೆ ಅದೆಲ್ಲ ಇಲ್ಲ.

ಊಟ ಮುಗಿದು, ನೆಂಟರು ಹೊರಟು, ಮನೆ ಖಾಲಿಯಾಯಿತು. ಮಂಜುಶ್ರೀ ಅಡಿಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಭಾನುವಾರ ರಾತ್ರಿ ಉಂಡದ್ದೇ ಕೊನೆ. ಎರಡೂವರೆ ದಿನದಿಂದ ಹೊಟ್ಟೆಗೆ ನೀರಲ್ಲದೆ ಏನೂ ಹೋಗಿರಲಿಲ್ಲ. ಆದರೂ ಅವಳು ಎದ್ದು ಓಡಾಡಿದ್ದಳು, ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದ್ದಳು, ತೋಟದವರೆಗೆ ನಡೆದು ಹೋಗಿ ಬಂದಿದ್ದಳು, ಬಕೆಟ್ಟುಗಟ್ಟಲೆ ಬಟ್ಟೆ ಒಗೆದಿದ್ದಳು. ತಲೆ ಸುತ್ತು ಕೂಡ ಬಂದಿರಲಿಲ್ಲ. ಅವಳ ಮೈಯ ಕೊಬ್ಬು ಉರಿಯುತ್ತಿತ್ತು.

ಸೊಣ್ಣಮ್ಮ ಬಂದು ಎದುರು ಕೂತಳು. ಬಳೆಯಿಲ್ಲದ ಕೈಯಲ್ಲಿ ತಟ್ಟೆ ಇತ್ತು. ಮುದ್ದೆ, ಅವರೆಕಾಳು ಸಾರು.

"ಅತ್ತೆ," ಎಂದಳು ಮಂಜುಶ್ರೀ, "ಶಾಂತಲಕ್ಕಂದೇನೂ ತಪ್ಪಿಲ್ಲ. ನೀವು ಕೇಳಿದಾಗ ಕೊಟ್ಟೆ ಅಂದ್ನಲ್ಲ. ನಾನು ಹೋಗೇ ಇರ್ಲಿಲ್ಲ. ನೋಡೇ ಇರ್ಲಿಲ್ಲ. ಅಲಾರಂ ಆಫ್ ಮಾಡ್ಬಿಟ್ಟಿದ್ದೆ."

ಸೊಣ್ಣಮ್ಮ ಮುದ್ದೆ ಮುರಿದಳು.

"ಗೊತ್ತಿತ್ತು," ಎಂದಳು.

ಹೊರಗೆ ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ಪಾತ್ರೆಗಳು ಸಣ್ಣಗೆ ನಡುಗಿ ನಿಂತವು.

"ಕೊಟ್ಟೆ ಅಂದಾಗ್ಲೇ ನಿನ್ ಮಕ ನೋಡ್ದೆ. ಇವಳು ಕೊಟ್ಟಿಲ್ಲ ಅಂತ ಗೊತ್ತಾಯ್ತು. ಎದ್ದೋಗಿ ನೋಡ್ಬೋದಾಗಿತ್ತು. ಎದುರು ಮನೆ, ಎಷ್ಟು ದೂರ? ಗಂಡನ್ ಕಾಲ್ ಬಿಟ್ಟು ಎದ್ಲು ಅಂತ ಪಟಾಲಿ ಆಡ್ಕೋತಾಳೆ ಅಂತ ಕೂತೆ. ಐವತ್ತು ವರ್ಷ ಅವ್ಳ ಬಾಯಿಗೆ ನಾನು ಎದರಿರ್ಲಿಲ್ಲ ಕಣಮ್ಮ," ಎಂದಳು.

ಅವಳ ಧ್ವನಿಯಲ್ಲಿ ಅಳುವಿರಲಿಲ್ಲ. ಮುದ್ದೆಯ ತುಂಡನ್ನು ಸಾರಿನಲ್ಲಿ ಹೊರಳಿಸಿ ಸೊಸೆಯ ಬಾಯಿಯ ಹತ್ತಿರ ಹಿಡಿದಳು.

"ಬೇಡ ಅತ್ತೆ."

"ಬಾಯಿ ತೆಗಿ."

"ಬೇಡ."

"ತೆಗಿಯೇ."

ಮಂಜುಶ್ರೀ ಬಾಯಿ ತೆರೆದಳು. ನುಂಗಿದಳು. ಸೊಣ್ಣಮ್ಮ ಇನ್ನೊಂದು ತುತ್ತು ಮುರಿದಳು, ಮತ್ತೊಂದು. ಮುದ್ದೆ ಮುಗಿದ ಮೇಲೆ ಸೊಣ್ಣಮ್ಮ ತಟ್ಟೆಯಲ್ಲಿ ಉಳಿದ ಸಾರನ್ನು ಲೋಟಕ್ಕೆ ಬಗ್ಗಿಸಿ ಅದನ್ನೂ ಕುಡಿಸಿ, ತಟ್ಟೆ ತೊಳೆಯಲು ಎದ್ದು ಹೋದಳು.

ಸ್ವಲ್ಪ ಹೊತ್ತಿಗೆ ಮಂಜುಶ್ರೀಯ ಮೂಗಿನ ಕೆಳಗೆ ಬೆವರೊಡೆಯಿತು. ಎರಡು ದಿನದಿಂದ ತಣ್ಣಗಿದ್ದ ಬೆರಳುಗಳು ತುದಿಯಿಂದ ಬೆಚ್ಚಗಾಗತೊಡಗಿದವು. ಅವಳು ಅಂಗೈಗಳನ್ನು ಮಗುಚಿ ನೆಲದ ಗ್ರಾನೈಟಿಗೆ ಒತ್ತಿ ಹಿಡಿದಳು. ಕಲ್ಲು ತಣ್ಣಗಿತ್ತು. ಒತ್ತಿ ಹಿಡಿದೇ ಇದ್ದಳು, ಕೈಯ ಕೆಳಗಿನ ಕಲ್ಲೂ ಬೆಚ್ಚಗಾಗುವವರೆಗೆ.